ಪಿತೃಸ್ಥಾನಕ್ಕೊಬ್ಬ ಪೈಲಟ್

ಶಿಗ್ಗಾಂವಿ
೧೨ ಜುಲೈ ೨೦೨೫

ಅಕ್ಕಾ,

ಫೋನು ಹಚ್ಚಿದರೆ ಎರಡು ಮಾತಿನಲ್ಲಿ ಇಟ್ಟುಬಿಡುತ್ತಾನೆ, ತಮ್ಮನಿಗೆ ಸೊಕ್ಕು ಬಂದಿದೆ ಎಂದು ನೀನು ಸುದೀಪ ಭಾವನ ಮುಂದೆ ಅಂದೆಯಂತೆ. ಸೊಕ್ಕಲ್ಲ. ಈ ಫೋನು ನನ್ನದಲ್ಲ, ಕಂಪನಿಯದು. ಅದು ಯಾವಾಗ ಬಡಿದುಕೊಳ್ಳುತ್ತದೋ ಎಂದು ಕಾಯುವುದೇ ನನ್ನ ನೌಕರಿ. ಯಾವನೋ ಪೈಲಟ್‌ಗೆ ಜ್ವರ ಬರಬೇಕು, ಯಾವಳೋ ರಜೆ ಹಾಕಬೇಕು, ಆಗ ನನಗೆ ಕರೆ. ಕರೆ ಬಂದ ಒಂದೂವರೆ ತಾಸಿನೊಳಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ನಿಂತಿರಬೇಕು. ಇದಕ್ಕೆ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಹಿಂದೆ ಗೌಡರ ಚಾವಡಿ ಮುಂದೆ ವಾಲೀಕಾರ ಕೂತಿರುತ್ತಿದ್ದನಲ್ಲ, ಹಾಗೆ. ಅವನ ಕೊರಳಿಗೆ ಟೈ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹಾರಿದ ತಾಸಿಗಷ್ಟೇ ಪೂರ್ತಿ ಪಗಾರ, ಕಾದದ್ದಕ್ಕೆ ಚಿಲ್ಲರೆ. ಹೋದ ತಿಂಗಳು ನಾನು ಆಕಾಶಕ್ಕೆ ಹೋದದ್ದಕ್ಕಿಂತ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದದ್ದೇ ಹೆಚ್ಚು. ನನ್ನ ಜೊತೆ ಖೋಲಿಯಲ್ಲಿರುವ ಹುಲಗೂರಿನ ಫಾರೂಕನದೂ ಇದೇ ಹಣೆಬರಹ. ಇಬ್ಬರೂ ಒಂದೇ ಕಂಪನಿ, ಇಬ್ಬರೂ ಕೋ-ಪೈಲಟ್, ಇಬ್ಬರೂ ಫೋನಿನ ಮುಖ ನೋಡುತ್ತ ಕೂತವರು. ಕೆಳಗಿನ ಚಹಾ ಅಂಗಡಿಯ ಕುತುಬುದ್ದೀನ ಚಾಚಾ ದಿನಾ ಕೇಳುತ್ತಾನೆ: "ಏನ್ರಿ ಸಾಹೇಬ್ರ, ವಿಮಾನ ಇನ್ನೂ ರಿಪೇರಿಗೆ ಹೋಗೈತೇನ?"

ಹೀಗಾಗಿ ಮತ್ತೊಂದು ಕೆಲಸ ಹುಡುಕುತ್ತಿದ್ದೇನೆ. ಬಿಡುವಿದ್ದಾಗ ಮಾಡುವಂಥದು, ಕರೆ ಬಂದರೆ ಬಿಟ್ಟು ಓಡುವಂಥದು. ಕೋಚಿಂಗ್ ಕ್ಲಾಸಿನವನೊಬ್ಬ ಪಾಠ ಬೇಡ, ಯುನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ಸಾಕು ಎಂದ. ಮದುವೆ ಮಂಟಪದವನೂ ಅದನ್ನೇ ಕೇಳಿದ, ವರನ ಮೆರವಣಿಗೆ ಮುಂದೆ ನಡೆಯಬೇಕಂತೆ. ಮರ್ಯಾದೆಯ ಕೆಲಸ ಇರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ದಿನಾ ಬರ್ತೀರಿ?" ಅದು ಈ ಫೋನಿಗೇ ಗೊತ್ತು.

ನಿನಗೆ ಏನಾದರೂ ಹೊಳೆದರೆ ಬರೆ. ಕಾಗದವಾದರೆ ಓದುವಾಗ ಕಿವಿ ಬೇರೆ ಕಡೆ ಇರುವುದಿಲ್ಲ.

ನಿನ್ನ ತಮ್ಮ,
ಕೌಸ್ತುಭ


ಹಿರೇಕೆರೂರು
೨೧ ಜುಲೈ ೨೦೨೫

ಕೌಸ್ತುಭ,

ನಿನ್ನ ಕಾಗದವನ್ನು ಮನೆಯಲ್ಲಿ ಎಲ್ಲರೆದುರು ಓದಿದೆ. ನಮ್ಮತ್ತೆ ಸುಶೀಲವ್ವ ಪೂರ್ತಿ ಕೇಳಿ, "ಪಾಪ, ಆ ಕೂಸಿಗೆ ಒಂದು ಎಮ್ಮಿ ಕೊಡಿಸ್ರಿ" ಎಂದಳು. ಎಮ್ಮೆಯೂ ಹೊತ್ತಿಗೆ ಸರಿಯಾಗಿ ಹಿಂಡು ಎನ್ನುತ್ತದೆ ಅತ್ತಿ, ಅದಕ್ಕೂ ಇವನು ಆಗುವುದಿಲ್ಲ ಎಂದೆ.

ಸುದೀಪನದು ಬೇರೆಯೇ ಹುರುಪು. ಹಂಸಭಾವಿ ಕಡೆ ಗೋವಿನಜೋಳಕ್ಕೆ ಡ್ರೋನಿನಿಂದ ಔಷಧಿ ಹೊಡೆಸುತ್ತಿದ್ದಾರಂತೆ. "ವಿಮಾನ ಹಾರ್ಸಾಂವಗ ಇದೇನ ದೊಡ್ಡದು, ಕರಸ್ತೇನಿ" ಎಂದ. ಔಷಧಿ ಅರ್ಧ ಹೊಲಕ್ಕೆ ಹೊಡೆದಾಗ ಫೋನು ಬಂದರೆ ಉಳಿದರ್ಧ ಹುಳಕ್ಕೆ ಬಿಟ್ಟು ಹೋಗುತ್ತಾನಾ ಎಂದು ಕೇಳಿದ್ದಕ್ಕೆ ಕೈಗೆ ತೆಗೆದ ಫೋನನ್ನು ಕಿಸೆಗೆ ಹಾಕಿಕೊಂಡ.

ನನಗೆ ನಗು ಬರುತ್ತಿಲ್ಲ. ಹೇಸಿಗೆ ಬರುತ್ತಿದೆ. ನಿನ್ನ ಇಡೀ ದಿನವನ್ನು ಕಟ್ಟಿಹಾಕಿ, ಹಗ್ಗಕ್ಕೆ ಕೂಲಿ ಕೊಡುವುದಿಲ್ಲ ಎನ್ನುವವರನ್ನು ನೀವೆಲ್ಲ ಕೂಡಿ ಕೇಳುವುದು ಬಿಟ್ಟು, ಹಗ್ಗದ ಉದ್ದದೊಳಗೆ ಮೇಯಲು ಹುಲ್ಲು ಹುಡುಕುತ್ತಿದ್ದೀರಿ. ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರಿಗೂ ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಅವರಿಗೂ ನಿನ್ನಂತೆ ನಾಚಿಕೆ. ಹಸಿದವರು ನಾಚುತ್ತಾರೆ, ಹಸಿವಿಗೆ ಹಾಕಿದವರು ನಾಚುವುದಿಲ್ಲ.

ಜೋಳ, ಕಡಲೆಬೇಳೆ ಬಸ್ಸಿನಲ್ಲಿ ಇಟ್ಟು ಕಳಿಸಿದ್ದೇನೆ. ಫಾರೂಕನಿಗೂ ರೊಟ್ಟಿ ಮಾಡಿಕೊಡು, ಬರದಿದ್ದರೆ ಅವನ ಕಡೆ ಕಲಿ.

ಪದ್ಮಜಾ


ಶಿಗ್ಗಾಂವಿ
೧೯ ಆಗಸ್ಟ್ ೨೦೨೫

ಅಕ್ಕಾ,

ಕೆಲಸ ಸಿಕ್ಕಿದೆ. ಬೈಯುವ ಮೊದಲು ಪೂರ್ತಿ ಓದು.

ಫಾರೂಕನಿಗೆ ಮೊದಲು ಸಿಕ್ಕಿತು. ಹುಲಗೂರಿನಲ್ಲಿ ಅವನ ಮನೆಯ ಪಡಸಾಲೆಯಲ್ಲಿ ಹತ್ತನೇ ಇಯತ್ತೆಯ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತಾನೆ. ಕರೆ ಬಂದರೆ ಅವನ ಹೆಂಡತಿ ಸುಮಯ್ಯ ಪಾಠ ಮುಂದುವರಿಸುತ್ತಾಳೆ. ನನಗೆ ಪಾಠ ಹೇಳಲು ಬಾಯಿ ಇಲ್ಲವೆಂದು ನಿನಗೆ ಗೊತ್ತು. ಸವಣೂರಿಗೆ ಹೋಗಿ ರಾಘಣ್ಣ ಮಾಮಾನ ಮುಂದೆ ಕೂತೆ. ಅವ್ವ ಅಪ್ಪ ಹೋದ ಮೇಲೆ ಓದಿಸಿದವನು ಅವನೇ, ಬೇರೆ ಯಾರ ಕಡೆ ಹೋಗಲಿ?

ಮಾಮಾ ಈಗ ಬರೀ ಪುರೋಹಿತನಲ್ಲ. ಶ್ರಾದ್ಧ ಮಾಡಿಸಲೆಂದೇ ಮನೆಗೆ ಹೊಂದಿಸಿ ಹಾಲ್ ಕಟ್ಟಿಸಿದ್ದಾನೆ. ಬೆಂಗಳೂರು, ಪುಣೆಯಿಂದ ಮಕ್ಕಳು ಬರುತ್ತಾರೆ, ಒಂದು ದಿನದಲ್ಲಿ ಅಪ್ಪನ ಕೆಲಸ ಮುಗಿಸಿ ಹೋಗುತ್ತಾರೆ. ಅಡಿಗೆಯವರು, ಮಂತ್ರ, ದರ್ಭೆ, ಎಲ್ಲ ಸಿಗುತ್ತದೆ. ಸಿಗದವನು ಒಬ್ಬನೇ: ತೀರಿಕೊಂಡವರ ಜಾಗದಲ್ಲಿ, ಅಂದರೆ ಪಿತೃಸ್ಥಾನದಲ್ಲಿ, ಕೂತು ಉಣ್ಣುವ ಬ್ರಾಹ್ಮಣ. ಮುದುಕರು ಸತ್ತರು, ಹುಡುಗರು ಒಲ್ಲೆ ಎನ್ನುತ್ತಾರೆ. "ನಿನಗ ಹೊಟ್ಟಿ ಅದನೋ ಇಲ್ಲೋ? ಅಷ್ಟ ಸಾಕು. ಬಾ, ಕೂಡು," ಎಂದ ಮಾಮಾ.

ಮಧ್ಯಾಹ್ನದ ಕೆಲಸ, ಎರಡು ತಾಸು. ನನಗೆ ಕರೆ ಬಂದ ದಿನ ಬೇರೊಬ್ಬನನ್ನು ಕೂಡಿಸುತ್ತಾನೆ, ಅದಕ್ಕೆಂದು ಒಬ್ಬ ಮುದುಕನನ್ನು ಕಟ್ಟೆ ಮೇಲೆ ಕಾಯಿಸಿಟ್ಟಿದ್ದಾನೆ. ಸ್ಟ್ಯಾಂಡ್‌ಬೈಗೊಬ್ಬ ಸ್ಟ್ಯಾಂಡ್‌ಬೈ.

ಗಂಡಸೊಬ್ಬ ಬಗ್ಗಿ ನನ್ನ ಕಾಲು ತೊಳೆಯುತ್ತಾನೆ, ಅಕ್ಕಾ. ಐವತ್ತು ದಾಟಿದವನು, ಬ್ಯಾಂಕಿನ ದೊಡ್ಡ ಅಧಿಕಾರಿ. ನಾನು ಅವನ ಅಪ್ಪ. ಮಾತಾಡಬಾರದು. ವಡೆ, ಹಯಗ್ರೀವ, ಎಳ್ಳುಂಡಿ, ಹಾಗಲಕಾಯಿ ಪಲ್ಯ, ಬಡಿಸಿದ್ದಷ್ಟೂ ಉಣ್ಣಬೇಕು. ಕಡೆಗೆ ಅವನು ತೃಪ್ತಿಯಾಯಿತೇ ಎಂದು ಕೇಳುತ್ತಾನೆ, ಆಯಿತು ಎನ್ನಬೇಕು. ಮಣೆಯ ಕೆಳಗೆ ನನ್ನ ಫೋನು ಇರುತ್ತದೆ, ದನಿ ಇಲ್ಲದೆ ನಡುಗುವಂತೆ ಇಟ್ಟಿರುತ್ತೇನೆ. ಕಂಪನಿಯವರು ಹಾರುವ ಮುಂಚೆ ಕುಡಿದಿದ್ದೇನೆಯೇ ಎಂದು ಬಾಯಿ ಊದಿಸಿ ನೋಡುತ್ತಾರೆ. ಮಾಮಾ ಉಣ್ಣುವ ಮುಂಚೆ ಉಳ್ಳಾಗಡ್ಡಿ ತಿಂದಿದ್ದೇನೆಯೇ ಎಂದು ಮೂಸಿ ನೋಡುತ್ತಾನೆ. ಎರಡೂ ಕಡೆ ನನ್ನ ಬಾಯಿಯ ಮೇಲೇ ಅನುಮಾನ.

ತೆಗೆದಿಟ್ಟ ಜನಿವಾರ ಮತ್ತೆ ಹಾಕಿದ್ದೇನೆ. ಕೆಲಸವಿಲ್ಲದ ದಿನ ಯುನಿಫಾರ್ಮಿನ ಹ್ಯಾಂಗರಿಗೇ ಸಿಕ್ಕಿಸುತ್ತೇನೆ. ಫಾರೂಕ ನೋಡಿ ನಕ್ಕ: "ಎರಡೂ ಡ್ಯೂಟಿ ಡ್ರೆಸ್ ಒಂದ ಮೊಳಿಗೆ ಹಾಕಿದೆಲ್ಲೊ."

ಕೌಸ್ತುಭ


ಹಿರೇಕೆರೂರು
೨೬ ಆಗಸ್ಟ್ ೨೦೨೫

ಕೌಸ್ತುಭ,

ಪೂರ್ತಿ ಓದಿದೆ. ಈಗ ಬೈಯುತ್ತೇನೆ.

ಮಾಮಾನ ಆ ಮನೆಯಲ್ಲಿ ಸುದೀಪ ಒಂದೇ ಸಲ ಕೂತದ್ದು. ಲಗ್ನವಾದ ಹೊಸತರಲ್ಲಿ, ದೊಡ್ಡವರ ಕಾಲಿಗೆ ಬೀಳೋಣ ಎಂದು ನಾನೇ ಕರೆದುಕೊಂಡು ಹೋಗಿದ್ದೆ. ಮಾಮಾ ಚಹಾ ಕೊಡಿಸಿದ, ಬೆಳೆ ಬಗ್ಗೆ ಕೇಳಿದ, ನಗುನಗುತ್ತ ಮಾತಾಡಿದ. ನಾವು ಓಣಿಯ ತಿರುವಿನಲ್ಲಿ ಇದ್ದಾಗ ಸುದೀಪ ಮರೆತ ಟೊಪ್ಪಿಗೆ ತರಲು ತಿರುಗಿ ಹೋದ. ಅವನು ಕೂತ ಜಾಗಕ್ಕೆ ನೀರು ಸುರಿದು ಬಳಿಯುತ್ತಿದ್ದರು. ಟೊಪ್ಪಿಗೆ ಬಿಟ್ಟು ಬಂದ. ಊರು ಮುಟ್ಟಿದ ಮೇಲೆ ಕಂಡದ್ದಷ್ಟನ್ನೇ ಹೇಳಿ ಹೊಲಕ್ಕೆ ನಡೆದ.

ಆ ತೊಳೆದ ಜಾಗದಲ್ಲಿ ಈಗ ನೀನು ಮಣೆ ಹಾಕಿಕೊಂಡು ಕೂತು ನುಂಗುತ್ತಿದ್ದೀಯ. ಬೇರೆಯವರ ಅಪ್ಪನಾಗಲು ನಿನಗಿರುವ ಅರ್ಹತೆ ಏನು? ಮಂತ್ರ ಬರುವುದಿಲ್ಲ, ನಂಬಿಕೆ ಇಲ್ಲ. ಹುಟ್ಟಿದ ಮನೆ, ಅಷ್ಟೇ. ಅಡಿಗೆ ಮಾಡಿದ ಹೆಣ್ಣುಮಗಳು ಹೊಗೆಯಲ್ಲಿ ಸತ್ತರೂ ಅವಳಿಗೆ ಆ ಮಣೆ ಇಲ್ಲ. ಅಕ್ಕಿ ಬೆಳೆದವನಿಗೆ ಆ ಅಂಗಳವೇ ಇಲ್ಲ. ಮಾರಲು ನಿನ್ನ ಹತ್ತಿರ ಉಳಿದದ್ದು ಜಾತಿ, ಕೊಳ್ಳಲು ಅವರಿಗೆ ಬೇಕಾದದ್ದೂ ಅದೇ. ಥೂ.

ಅತ್ತೆಗೆ ಹೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ. "ಉಂಡು ಮ್ಯಾಲೆ ರೊಕ್ಕಾನೂ ಇಸ್ಕೋತಾನ? ನಮ್ಮಲ್ಲಿ ಉಂಡವ್ರು ಎಲಿ ಎತ್ತಿ ಹೋಗ್ತಾರ್ವಾ."

ಪದ್ಮಜಾ


ಶಿಗ್ಗಾಂವಿ
೪ ಸೆಪ್ಟೆಂಬರ್ ೨೦೨೫

ಅಕ್ಕಾ,

ಫಾರೂಕನನ್ನು ಕೆಲಸದಿಂದ ತೆಗೆದರು.

ಅವನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳ ತಂದೆ ಖುಷಿಯಲ್ಲಿ ಪಾಠದ ವಿಡಿಯೊ ಮಾಡಿ, ನಮ್ಮೂರ ಪೈಲಟ್ ಸರ್ ಎಂದು ವಾಟ್ಸಾಪಿಗೆ ಬಿಟ್ಟಿದ್ದ. ಅದು ಸುತ್ತಿ ಸುತ್ತಿ ಕಂಪನಿಗೆ ಮುಟ್ಟಿತು. ಕರಾರಿನಲ್ಲಿ ಒಂದು ಕಲಮು ಇದೆ: ಬೇರೆ ಯಾವ ಉದ್ಯೋಗವನ್ನೂ ಮಾಡಕೂಡದು. ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ಒಂದೇ ಖೋಲಿಯವರು, ನಿನಗೆ ಗೊತ್ತಿತ್ತೇ ಎಂದು ನನ್ನನ್ನು ಕೇಳಿದರು.

ಅವನು ಸಾಮಾನು ಕಟ್ಟಿಕೊಂಡು ಹೋದ. ಮೊಳೆಯ ಮೇಲೆ ಈಗ ನನ್ನವಷ್ಟೇ ಇವೆ.

ಕೌಸ್ತುಭ


ಹಿರೇಕೆರೂರು
೯ ಸೆಪ್ಟೆಂಬರ್ ೨೦೨೫

ಕೌಸ್ತುಭ,

ಕೇಳಿದರು ಎಂದು ಬರೆದಿದ್ದೀಯ. ನೀನು ಏನಂದೆ?

ಪದ್ಮಜಾ


ಶಿಗ್ಗಾಂವಿ
೧೭ ಸೆಪ್ಟೆಂಬರ್ ೨೦೨೫

ಅಕ್ಕಾ,

ಪಿತೃಪಕ್ಷ ನಡೆದಿದೆ. ಮಾಮಾನ ಹಾಲ್‌ಗೆ ಬಿಡುವಿಲ್ಲ, ನನ್ನ ಹೊಟ್ಟೆಗೂ ಇಲ್ಲ.

ಕಳೆದ ರವಿವಾರ ಹಾನಗಲ್ಲಿನ ವಕೀಲರೊಬ್ಬರ ಶ್ರಾದ್ಧ. ಮಗ ಆಕಾಶ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಬಹಳ ಕಟ್ಟುನಿಟ್ಟು. ಎಲೆಯ ತುದಿ ಯಾವ ಕಡೆ ಇರಬೇಕೆಂದು ಅಡಿಗೆಯವರನ್ನು ಎರಡು ಸಲ ಗದರಿಸಿದ. ನನ್ನ ಕಾಲು ತೊಳೆದ, ಆ ನೀರನ್ನು ತಲೆಗೆ ಚಿಮುಕಿಸಿಕೊಂಡ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ನಾನು ಉಂಡೆ. ಎದ್ದು ಕೈ ತೊಳೆಯುವಷ್ಟರಲ್ಲಿ ಫೋನು ನಡುಗಿತು. ಸಂಜೆ ಬೆಂಗಳೂರಿಗೆ ಹೋಗುವ ವಿಮಾನ, ಕೋ-ಪೈಲಟ್‌ಗೆ ಹುಷಾರಿಲ್ಲ.

ಶ್ರಾದ್ಧ ಉಂಡವನು ಆ ದಿನ ಪ್ರಯಾಣ ಮಾಡಬಾರದು. ಹೊಟ್ಟೆಯಲ್ಲಿ ಹಿರಿಯರಿದ್ದಾರೆ ಎಂಬ ಲೆಕ್ಕ. ಈ ಹುಡುಗ ಊರು ಬಿಡುವುದಿಲ್ಲ ಎಂದು ಮಾಮಾ ಎಲ್ಲರಿಗೂ ಮಾತು ಕೊಟ್ಟಿರುತ್ತಾನೆ. ನಾನು ಹಿಂದಿನ ಬಾಗಿಲಿನಿಂದ ಬೈಕ್ ಹತ್ತಿದೆ.

ವಿಮಾನ ಹೊರಡುವಾಗ ಗಗನಸಖಿ ಪೈಲಟ್‌ಗಳ ಹೆಸರು ಹೇಳುತ್ತಾಳೆ. ನನ್ನ ಹೆಸರು ಊರಲ್ಲಿ ಹತ್ತು ಜನಕ್ಕಿಲ್ಲ, ಮಧ್ಯಾಹ್ನ ಮಾಮಾ ಅದನ್ನು ಹೇಳಿಯೇ ನನ್ನನ್ನು ಮಣೆಯ ಮೇಲೆ ಕೂಡಿಸಿದ್ದ. ಬೆಂಗಳೂರಿನಲ್ಲಿ ಇಳಿದ ಮೇಲೆ ಬಾಗಿಲಲ್ಲಿ ನಿಂತಿದ್ದೆ. ಎಲ್ಲರನ್ನೂ ಮುಂದೆ ಬಿಟ್ಟು ಕಡೆಗೊಬ್ಬ ಬಂದು ನಿಂತ. ಮಧ್ಯಾಹ್ನ ಕಾಲು ತೊಳೆದ ಮಗ.

"ನೀವು ನಮ್ಮಪ್ಪನ ಜಾಗಾದಾಗ ಕೂತಿದ್ರಿ," ಎಂದ.

ಹೌದು ಎಂದೆ.

"ನಮ್ಮಪ್ಪನ್ನ ಹೊಟ್ಟ್ಯಾಗ ಇಟಗೊಂಡು ವಿಮಾನ ಹೊಡೀತೀರೇನ್ರಿ? ಉಂಡವರು ಊರು ದಾಟಬಾರದು, ಗೊತ್ತಿಲ್ಲೇನು?"

"ಮಾಡಿದವರೂ ದಾಟಬಾರದ್ರಿ. ನೀವೂ ಇದರಾಗ ಕೂತು ಬಂದೀರಿ."

"ನನಗ ನಾಳೆ ಮೀಟಿಂಗ್ ಅದ."

"ನನಗ ಇವತ್ತ ಡ್ಯೂಟಿ ಇತ್ತು."

ಅವನ ಮುಖ ಕೆಂಪೇರಿತು. ಪಕ್ಕದಲ್ಲಿದ್ದ ಕ್ಯಾಪ್ಟನ್‌ಗೆ ಕನ್ನಡ ಬಾರದು. ಚೆನ್ನಾಗಿ ಇಳಿಸಿದಿರಿ ಎಂದು ಹೊಗಳುತ್ತಿದ್ದಾನೆಂದು ತಿಳಿದು ಅವನ ಕೈ ಕುಲುಕಿದ.

ನಿಯಮ ಅವನಿಗೂ ಇದೆ, ನನಗೂ ಇದೆ. ಅವನಿಗೆ ಮೀಟಿಂಗ್ ಬಂದರೆ ನಿಯಮ ಸಡಿಲ. ಬಾಡಿಗೆಗೆ ಬಂದವನು ಮಾತ್ರ ಪೂರ್ತಿ ಪಾಲಿಸಬೇಕು. ಮಡಿಯನ್ನೂ ಹೊರಗುತ್ತಿಗೆಗೆ ಕೊಟ್ಟಿದ್ದಾರೆ, ಅಕ್ಕಾ.

ಕೌಸ್ತುಭ


ಶಿಗ್ಗಾಂವಿ
೩೦ ಸೆಪ್ಟೆಂಬರ್ ೨೦೨೫

ಅಕ್ಕಾ,

ನೀನು ಬರೆಯಲಿಲ್ಲ. ನಾನೇ ಬರೆಯುತ್ತೇನೆ.

ಆಕಾಶ ಕಂಪನಿಗೆ ದೂರು ಕೊಟ್ಟ. ನಿಮ್ಮ ಪೈಲಟ್ ನನ್ನ ತಂದೆಯ ಶ್ರಾದ್ಧ ಕೆಡಿಸಿದ್ದಾನೆ, ದಕ್ಷಿಣೆ ಪಡೆದು ಉಂಡು ಅದೇ ಸಂಜೆ ಹಾರಿದ್ದಾನೆ ಎಂದು. ನನ್ನ ಎರಡನೇ ಕೆಲಸ ಹಾಗೆ ಬಯಲಿಗೆ ಬಿತ್ತು. ಆಫೀಸಿಗೆ ಕರೆಸಿದರು. ಫಾರೂಕ ಕೂತ ಕುರ್ಚಿಯಲ್ಲೇ ಕೂಡಿಸಿದರು. ಹೋಯಿತು ಎಂದುಕೊಂಡೆ.

ಸಿಬ್ಬಂದಿ ವಿಭಾಗದ ಮೇಡಂ ದೂರು ಓದಿ ಮುಗಿಸಿ, ಎರಡೂ ಕೈ ಜೋಡಿಸಿದಳು. ಅವಳ ಅಜ್ಜಿಯ ಮನೆಯಲ್ಲೂ ಹೀಗೇ ಮಾಡುತ್ತಾರಂತೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಂಥ ಸಂಸ್ಕಾರ ಇಟ್ಟುಕೊಂಡಿದ್ದೀರಿ ಎಂದಳು. ಒಂದು ಸಾಲು ಬರೆದುಕೊಡಿ ಸಾಕು ಎಂದಳು: ಇದು ಉದ್ಯೋಗವಲ್ಲ, ನನ್ನ ಧರ್ಮದ ಆಚರಣೆ, ಪಡೆದದ್ದು ಸಂಬಳವಲ್ಲ, ದಕ್ಷಿಣೆ. ಅಷ್ಟು ಬರೆದರೆ ಪ್ರಕರಣ ಮುಗಿಯಿತು.

ಫಾರೂಕ ಪಾಠ ಹೇಳಿದ್ದು ಏನು ಎಂದು ಕೇಳಿದೆ. ಹೋದ ಸಲ ನನಗೆ ಗೊತ್ತಿಲ್ಲ ಎಂದಿದ್ದೆ, ಈ ಸಲ ಕೇಳಿದೆ. "ಅದು ಬೇರೆ, ಇದು ಬೇರೆ," ಎಂದಳು. ಹೇಗೆ ಬೇರೆ ಎಂದು ಕೇಳಿದೆ. ಚಹಾ ತರಿಸಿದಳು.

ಹತ್ತು ದಿನದ ಗಡುವು ಕೊಟ್ಟಿದ್ದಾರೆ. ಮಾಮಾ ಆಗಲೇ ಪ್ರಮಾಣಪತ್ರ ಬರೆದು ಸಹಿ ಮಾಡಿ ಇಟ್ಟಿದ್ದಾನೆ. "ಕುಲದ ಕಸುಬು ಅಂತ ಬರಿ, ಯಾಂವ ಏನ ಮಾಡ್ತಾನ ನೋಡೂಣು," ಎನ್ನುತ್ತಾನೆ. ಈ ನೌಕರಿ ಹೋದರೆ ಕೋ-ಪೈಲಟ್‌ನನ್ನು ಬೇರೆ ಯಾರೂ ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಚಿಕ್ಕಂದಿನಿಂದ ನಾನು ಬಯಸಿದ್ದು ಇದೊಂದನ್ನೇ ಎಂದು ನಿನಗೆ ಗೊತ್ತು.

ಏನು ಬರೆಯಲಿ?

ಕೌಸ್ತುಭ


ಹಿರೇಕೆರೂರು
೩ ಅಕ್ಟೋಬರ್ ೨೦೨೫

ಕೌಸ್ತುಭ,

ನಿನ್ನನ್ನು ಬೈಯಲು ಕೂತೆ. ಆಗಲಿಲ್ಲ. ಮಾಳಿಗೆಯ ಮೇಲೆ ನಿಂತು ಹದ್ದು ಹೋಗುವುದನ್ನು ಕುತ್ತಿಗೆ ನೋಯುವವರೆಗೆ ನೋಡುತ್ತಿದ್ದ ಹುಡುಗನೇ ಕಣ್ಣಮುಂದೆ ಬಂದ. ಅದಕ್ಕೇ ಇಷ್ಟು ಸಿಟ್ಟು.

ಮಕ್ಕಳಿಗೆ ಲೆಕ್ಕ ಕಲಿಸಿದ್ದು ಉದ್ಯೋಗ, ಸತ್ತವರ ಹೆಸರಲ್ಲಿ ವಡೆ ನುಂಗಿದ್ದು ಧರ್ಮ. ಫಾರೂಕನದು ಅಪರಾಧ, ನಿನ್ನದು ಸಂಸ್ಕಾರ. ಆ ಮೇಡಂ ಹೇಳದೆ ಬಿಟ್ಟ ಮಾತನ್ನು ನಿನ್ನ ಕೈಯಿಂದ ಬರೆಸುತ್ತಿದ್ದಾರೆ. ಆ ಒಂದು ಸಾಲಿನಿಂದ ಉಳಿಯುವುದು ನಿನ್ನ ನೌಕರಿ, ಗಟ್ಟಿಯಾಗುವುದು ಫಾರೂಕ ಹೊರಬಿದ್ದ ಬಾಗಿಲಿನ ಚಿಲಕ. ಸುದೀಪ ಕೂತ ಜಾಗಕ್ಕೆ ನೀರು ಸುರಿದದ್ದೂ ಅಲ್ಲಿಯವರಿಗೆ ಆಚರಣೆಯೇ ಆಗಿತ್ತು, ನೆನಪಿಡು.

ಏನು ಬರೆಯಲಿ ಎಂದು ನನ್ನನ್ನು ಕೇಳಬೇಡ. ನಾನು ಹೇಳಿದ್ದನ್ನು ನೀನು ಬರೆದರೆ ಅದೂ ಇನ್ನೊಬ್ಬರ ಜಾಗದಲ್ಲಿ ಕೂತಂತೆಯೇ.

ಪದ್ಮಜಾ


ಶಿಗ್ಗಾಂವಿ
೨೯ ಅಕ್ಟೋಬರ್ ೨೦೨೫

ಅಕ್ಕಾ,

ಬರೆದುಕೊಟ್ಟೆ. ಹೀಗೆ: "ನಾನು ಮಾಡಿದ್ದು ಕೆಲಸ. ಕೂಲಿ ಮಾತಾಡಿಕೊಂಡು ಹೋಗಿದ್ದೇನೆ, ಪಡೆದಿದ್ದೇನೆ. ನಂಬಿಕೆ ನನಗೆ ಇಲ್ಲ. ಫಾರೂಕ ಮಾಡಿದ್ದು ತಪ್ಪಾದರೆ ನನ್ನದೂ ತಪ್ಪು, ಅದೇ ಕಲಮಿನ ಅಡಿ ನನ್ನನ್ನೂ ತೆಗೆಯಿರಿ. ನನ್ನದು ತಪ್ಪಲ್ಲವಾದರೆ ಅವನನ್ನು ಕರೆದುಕೊಳ್ಳಿರಿ."

ಖೋಲಿ ಖಾಲಿ ಮಾಡಲು ಪೆಟ್ಟಿಗೆ ತಂದಿಟ್ಟುಕೊಂಡೆ. ಮಾಮಾನಿಗೆ ಇನ್ನು ಬರುವುದಿಲ್ಲ ಎಂದು ಹೇಳಿದೆ. ಅವನು ಕೂಗಾಡಲಿಲ್ಲ. ನಾನು ಕಲಿತದ್ದು ಯಾರ ಅನ್ನದಿಂದ ಎಂದಷ್ಟೇ ಕೇಳಿ, ಕಟ್ಟೆ ಮೇಲಿನ ಮುದುಕನನ್ನು ಒಳಗೆ ಕರೆದ.

ನಿನ್ನೆ ಕಂಪನಿಯಿಂದ ಉತ್ತರ ಬಂತು. ಅದನ್ನು ಮೂರು ಸಲ ಓದಿದೆ. ನನ್ನ ವಿನಯವನ್ನು ಮೆಚ್ಚಿದ್ದಾರಂತೆ. ಸಿಬ್ಬಂದಿಯ ಧಾರ್ಮಿಕ ಭಾವನೆಗಳನ್ನು ಗೌರವಿಸುವುದು ಕಂಪನಿಯ ಪದ್ಧತಿಯಂತೆ. ಇಂಥ ಆಚರಣೆಯನ್ನು ಉದ್ಯೋಗವೆಂದು ಪರಿಗಣಿಸಲು ಬರುವುದಿಲ್ಲ, ಪ್ರಕರಣ ಮುಕ್ತಾಯ. ಫಾರೂಕನ ಬಗ್ಗೆ ಒಂದಕ್ಷರ ಇಲ್ಲ.

ನಾನು ತಪ್ಪೊಪ್ಪಿಕೊಂಡೆ, ನನ್ನ ಜಾತಿ ಒಪ್ಪಿಕೊಳ್ಳಲಿಲ್ಲ. ಬೇಡವೆಂದು ಕಿತ್ತೆಸೆದರೂ ಅದು ನನ್ನನ್ನು ಕಾಯುತ್ತಿದೆ. ನಾಳೆ ಬೆಳಗ್ಗೆ ಡ್ಯೂಟಿ ಇದೆ, ಕರೆದಿದ್ದಾರೆ.

ಕೌಸ್ತುಭ


ಶಿಗ್ಗಾಂವಿ
೧೮ ನವೆಂಬರ್ ೨೦೨೫

ಅಕ್ಕಾ,

ಹುಲಗೂರಿಗೆ ಹೋಗಿದ್ದೆ. ಕಂಪನಿಯ ಆ ಉತ್ತರವನ್ನು ಫಾರೂಕನ ಕೈಗೆ ಕೊಟ್ಟೆ. ಪಡಸಾಲೆಯಲ್ಲಿ ಹುಡುಗಿಯರು ಲೆಕ್ಕ ಮಾಡುತ್ತಿದ್ದರು, ಸುಮಯ್ಯ ಬೋರ್ಡಿನ ಮುಂದೆ ನಿಂತಿದ್ದಳು. ಅವನು ನಿಂತುಕೊಂಡೇ ಓದಿದ. ಕೂಡು ಎನ್ನಲಿಲ್ಲ.

"ಇದನ್ನ ಈಗ ತಂದಿ," ಎಂದ.

ಹೌದು ಎಂದೆ.

ಕಾರ್ಮಿಕ ಇಲಾಖೆಯಲ್ಲಿ ಅವನು ತಕರಾರು ಹೂಡಿದ್ದಾನಂತೆ, ಇಬ್ಬರಿಗೆ ಎರಡು ನ್ಯಾಯ ಮಾಡಿದ್ದಾರೆ ಎನ್ನಲು ಇಷ್ಟು ದಿನ ಅವನಿಗೆ ಆಧಾರ ಇರಲಿಲ್ಲ. "ಇದನ್ನ ಹಾಕ್ತೇನಿ. ಬರೇ ಕಾಗದ ಸಾಲೂದಿಲ್ಲ, ನೀನು ಸಾಕ್ಷಿ ಹೇಳಬೇಕಾಕ್ಕೈತಿ. ಹೇಳಿದ್ರ ನಿನ್ನ ವಿಮಾನ ಅಲ್ಲಿಗೇ ಮುಗೀತು. ವಿಚಾರ ಮಾಡಿ ಬಾ. ಇಲ್ಲಾ, ಬರಬ್ಯಾಡ." ಇಷ್ಟು ಹೇಳಿ ಹುಡುಗಿಯರ ಕಡೆ ತಿರುಗಿದ. ಉತ್ತರವನ್ನು ಅವನ ಕೈಯಲ್ಲೇ ಬಿಟ್ಟು ಹೊರಬಿದ್ದೆ.

ಇವತ್ತು ಶಿಗ್ಗಾಂವಿ ಕೋರ್ಟಿನ ಎದುರು ಟೈಪ್ ಮಾಡುವ ಪರಮೇಶ್ವರಪ್ಪನ ಹತ್ತಿರ ಅಫಿಡವಿಟ್ ಮಾಡಿಸಿದೆ. ಹೆಸರು ಹೇಳಿದೆ, ತಂದೆಯ ಹೆಸರು, ವಯಸ್ಸು ಹೇಳಿದೆ. ಉದ್ಯೋಗ ಏನು ಎಂದು ಕೇಳಿದ.

"ಪೈಲಟ್," ಎಂದೆ. ಬೆರಳು ಓಡಿದವು. "ಮತ್ತ ಬಾಡಿಗಿ ಬ್ರಾಹ್ಮಣ."

ಬೆರಳು ನಿಂತವು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಅಕ್ಕಪಕ್ಕದ ಕಕ್ಷಿದಾರರೂ ನೋಡಿದರು. "ಹಂಗ ಬರಿಯಂಗಿಲ್ರಿ ಸಾಹೇಬ್ರ. ಚಂದ ಕಾಣೂದಿಲ್ಲ. ಪೈಲಟ್ ಹಾಗೂ ಪುರೋಹಿತ ಅಂತ ಹಾಕ್ಲೇನು?"

"ಬಾಡಿಗಿ ಬ್ರಾಹ್ಮಣ," ಎಂದೆ. "ನಾ ಹೇಳಿದಂಗ ಹೊಡೀರಿ."

ಹೊಡೆದ. ಓದಿ ನೋಡಿ ಸಹಿ ಮಾಡಿದೆ. ಸಹಿ ಮಾಡುವಾಗ ಕಂಪನಿಯ ಫೋನು ಬಡಿದುಕೊಳ್ಳುತ್ತಿತ್ತು, ನಿಲ್ಲುವವರೆಗೂ ಬಿಟ್ಟೆ.

ಹುಲಗೂರಿನ ಬಸ್ಸಿಗೆ ಹೊರಟಿದ್ದೇನೆ.

ಕೌಸ್ತುಭ